ಆಚೆ ಹಳ್ಳದ ಕಲ್ಲು

ಕುಮಟೆಯ ಮೂಳೆ ಡಾಕ್ಟರು ನನ್ನ ಮೊಣಕಾಲಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಜೀವಮಾನದಲ್ಲಿ ಎಷ್ಟು ನಡೆದಿದ್ದೀರಿ ಮಾರಾಯ್ರೇ?” ಎಂದು ಕೇಳಿದರು. ಮೂವತ್ತನಾಲ್ಕು ವರ್ಷ ಕಾಡು ಕಾಯುವ ಕೆಲಸ ಮಾಡಿದವನು ನಾನು. ಬಹುಕಾಲ ಗಾರ್ಡ್, ಕೊನೆಯಲ್ಲಿ ಫಾರೆಸ್ಟರ್. ದಿನಕ್ಕೆ ಇಷ್ಟು ಮೈಲಿ ಎಂದು ಡೈರಿಯಲ್ಲಿ ಬರೆಯುತ್ತಿದ್ದುದು ನಿಜ. ಆದರೆ ಆ ಡೈರಿಯನ್ನು ನಂಬುವಷ್ಟು ದಡ್ಡ ನಾನಲ್ಲ, ಬರೆದವನು ನಾನೇ ಅಲ್ಲವೇ. “ಸಾಕು ಅನ್ನಿಸುವಷ್ಟು ನಡೆದಿದ್ದೇನೆ” ಎಂದೆ. ಡಾಕ್ಟರು ನಕ್ಕು, ಇನ್ನು ಮೇಲೆ ಏರು ಹತ್ತಬೇಡಿ ಎಂದು ಚೀಟಿ ಬರೆದರು.

ಅದಾದ ಕೆಲವು ದಿನಗಳಿಗೆ ಹೊಸದಾಗಿ ಗಾರ್ಡ್ ಕೆಲಸಕ್ಕೆ ಸೇರಿದ ನಾಲ್ಕೈದು ಮಂದಿ ನನ್ನ ಮನೆಗೆ ಬಂದಿದ್ದರು. ಚಹಾ ಕುಡಿದು, “ಸರ್, ಈ ಕೆಲಸದಲ್ಲಿ ನಾವು ಮುಖ್ಯವಾಗಿ ತಿಳಕೊಳ್ಳಬೇಕಾದ್ದು ಎಂತದು?” ಎಂದು ಕೇಳಿದರು. ನಾನು ನಿಷ್ಠೆ, ಪ್ರಾಮಾಣಿಕತೆ ಎಂದು ಬೀಳ್ಕೊಡುಗೆ ಸಭೆಯಲ್ಲಿ ಹೇಳುವ ಮಾತನ್ನೇ ಹೇಳಿ ಕಳುಹಿಸಿದೆ. ಅವರು ಹೋದ ಮೇಲೆ ನಾಚಿಕೆಯಾಯಿತು. ಹೇಳಬೇಕಾದ್ದನ್ನು ಹೇಳಲು ಆಯಾಸ ಬಿಡಲಿಲ್ಲ. ಈಗಲೂ ಆಯಾಸವಿದೆ, ಆದರೆ ಕೂತು ಬರೆಯಲು ಮೊಣಕಾಲು ಬೇಕಿಲ್ಲ.

ನಾನು ಧಾರೇಶ್ವರದ ಕಡಲ ದಂಡೆಯವನು. ನಮ್ಮದು ಅಂಬಿಗರ ಮನೆ, ಅಪ್ಪ ದೋಣಿಯ ಮೇಲೆಯೇ ಬದುಕಿದವನು. ನನಗೋ ದೋಣಿ ಹತ್ತಿದರೆ ಸಾಕು, ವಾಂತಿ. ಕಡಲಿಗೆ ಹೋಗುವ ಜಾತಿಯಲ್ಲಿ ಹುಟ್ಟಿ ಕಡಲ ಮೇಲೆ ತಲೆ ತಿರುಗಿ ಬೀಳುವ ಮಗನೆಂದರೆ ಅಪ್ಪನಿಗೆ ಕೇರಿಯಲ್ಲಿ ತಲೆ ಎತ್ತಲಾಗದ ವಿಷಯ. ಗಾರ್ಡ್ ಕೆಲಸದ ಆರ್ಡರು ಬಂದ ದಿನ ಅವನು ಬಲೆ ನೇಯುತ್ತಲೇ, “ಬೆಟ್ಟದಲ್ಲಿ ಎಂತ ಮಾಡ್ತೆ?” ಎಂದು ಕೇಳಿದ. ನನ್ನ ಬದಲು ಅವ್ವಿಯೇ ಉತ್ತರ ಕೊಟ್ಟಳು. “ಹೋಗ್ಲಿ ಬಿಡಿ. ಬೆಟ್ಟ ಅಲ್ಲಾಡೂದಿಲ್ಲ.”

ಮೊದಲ ಬೀಟು ಹೊನ್ನಾವರ ತಾಲೂಕಿನ ಮೂಡಣದಲ್ಲಿ, ಘಟ್ಟ ಏಳುವ ಬುಡಕ್ಕೆ. ರೇಂಜರ್ ಸಾಹೇಬರು ಬಟ್ಟೆ ಅಂಟಿಸಿದ ಹಳೆಯ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲಿನಿಂದ ಒಂದು ಸುತ್ತು ಹಾಕಿ, “ಇದಿಷ್ಟು ನಿನ್ನ ಕಾಡು. ನಡೆದು ನೋಡಿಕೊಂಡು ಬಾ” ಎಂದರು. ನಿನ್ನ ಕಾಡು ಎಂದ ಆ ಮಾತು ನನಗೆ ಹಿಡಿಸಿಬಿಟ್ಟಿತು. ಮನೆಯಲ್ಲಿ ಐದು ಗುಂಟೆ ಮರಳು ಬಿಟ್ಟರೆ ಬೇರೇನಿಲ್ಲದವನಿಗೆ ಒಂದೇ ದಿನದಲ್ಲಿ ಗುಡ್ಡ, ಹಳ್ಳ, ಕಣಿವೆ ಎಲ್ಲ ಸಿಕ್ಕಂತಾಗಿತ್ತು. ಹೊಸ ಬೂಟು ಹಾಕಿಕೊಂಡು ಒಬ್ಬನೇ ಹೊರಟೆ. ಎರಡು ತಾಸಿನಲ್ಲಿ ಒಂದೇ ಹುತ್ತದ ಎದುರು ಮೂರು ಸಲ ಬಂದು ನಿಂತಿದ್ದೆ.

ಕೊನೆಗೆ ನನ್ನ ಸೀಟಿಯ ಸದ್ದು ಕೇಳಿ ಬಂದವನು ಬೀರ ಗೌಡ. ಆ ಬೀಟಿನ ವಾಚರ್, ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಕಾಲಿಗೆ ಚಪ್ಪಲಿಯೂ ಇಲ್ಲ. ನನ್ನ ಬೂಟನ್ನು ಒಮ್ಮೆ ನೋಡಿದ.

“ದಾರಿ ನೋಡ್ಕಂಡು ನಡದ್ರೆ ದಾರಿ ತಪ್ತದೆ” ಎಂದ. “ದಾರಿ ಮಾಡ್ದವ್ರು ಮನ್ಶರು, ದನ, ಹಂದಿ. ಅವಕ್ಕೆ ಬೇಕಾದಲ್ಲಿಗೆ ಹೋಗ್ತವೆ. ನೀ ಹಳ್ಳ ನೋಡ್ಕಂಡು ನಡೀ. ಹಳ್ಳ ಸುಳ್ಳು ಹೇಳೂದಿಲ್ಲ. ಎಲ್ಲಾ ಹಳ್ಳನೂ ನಿಮ್ಮೂರ ಕಡ್ಲಿಗೇ ಹೋಗ್ತದೆ ಅಲ್ದಾ?”

ಅಂದಿನಿಂದ ಕಾಡು ನನಗೆ ಅರ್ಥವಾಗತೊಡಗಿತು. ಬೀರಣ್ಣನ ಹಿಂದೆ ಹೆಜ್ಜೆ ಹಾಕುತ್ತ ಮತ್ತಿ ಮರ ಯಾವುದು, ಕಿಂದಳ ಯಾವುದು, ಯಾವ ಇಳಿಜಾರಿನಲ್ಲಿ ಬೇಸಿಗೆಯಲ್ಲೂ ನೀರು ಸಿಗುತ್ತದೆ, ಯಾವ ಚಿರೇಕಲ್ಲಿನ ಬಯಲಿನಲ್ಲಿ ಮಧ್ಯಾಹ್ನ ನಿಲ್ಲಬಾರದು ಎಂದು ಕಲಿತೆ. ಬೂಟು ಒಂದು ಮಳೆಗಾಲ ಬಾಳಿತು. ರಕ್ತ ಹೀರುವ ಉಂಬಳಗಳು ಬೂಟಿನೊಳಗೂ ಹೋಗುತ್ತವೆ, ಒಳಗೆ ಹೋದದ್ದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲ ವರ್ಷದ ಪೆದ್ದುತನಗಳಿಗೆ ಲೆಕ್ಕವಿಲ್ಲ. ಒಮ್ಮೆ ತಲೆಯ ಮೇಲೆ ಹೊರೆ ಹೊತ್ತು ಬರುತ್ತಿದ್ದ ಮೂವರು ಹೆಂಗಸರನ್ನು ತಡೆದು, ಕಟ್ಟಿಗೆ ಕಳ್ಳತನ ಹಿಡಿದೆನೆಂದು ಬೀಗುತ್ತ ಹೊರೆ ಬಿಚ್ಚಿಸಿದೆ. ಇಡೀ ಹೊರೆ ದರಕು, ಅಂದರೆ ಕೊಟ್ಟಿಗೆಗೆ ಹಾಸುವ ಒಣ ಎಲೆ. ಗಾಳಿಗೆ ಎಲ್ಲ ಹಾರಿಹೋಯಿತು. ಅವರಲ್ಲಿ ಒಬ್ಬಳು ಸೊಂಟಕ್ಕೆ ಕೈಯಿಟ್ಟು, “ಈಗ ನೀವೇ ಗುಡ್ಸಿ ತುಂಬ್ಸಿ ಕೊಡಿ” ಎಂದಳು. ತುಂಬಿಸಿಕೊಟ್ಟೆ. ಬೀರಣ್ಣ ಮರದ ಬುಡದಲ್ಲಿ ಕೂತು ಎಲೆಯಡಿಕೆ ಕವಳ ಹಾಕುತ್ತಿದ್ದ, ನೆರವಿಗೆ ಬರಲಿಲ್ಲ.

ಇಂಥ ತಪ್ಪುಗಳನ್ನು ಹೇಳಿಕೊಂಡು ನಗಬಹುದು. ಇನ್ನೊಂದು ತಪ್ಪಿದೆ, ಅದನ್ನು ನಗುತ್ತ ಹೇಳಲು ಬರುವುದಿಲ್ಲ.

ನಾನು ಸೇರಿ ಏಳೆಂಟು ವರ್ಷವಾಗಿತ್ತು. ಆಗ ಗುಡ್ಡ ಬೋಳಾಗಿದ್ದಲ್ಲೆಲ್ಲ ಅಕೇಶಿಯಾ ನೆಡುವ ಕಾಲ. ಮೇಲಿನಿಂದ ಇಷ್ಟು ಎಕರೆ ನೆಡಬೇಕು ಎಂದು ಬರುತ್ತಿತ್ತು, ಮಳೆ ಬೀಳುವ ಮೊದಲು ಜಾಗ ಸವರಿ, ಗುಂಡಿ ತೆಗೆದು, ಅಂಚಿಗೆ ಕಂದಕ ಹೊಡೆದಿರಬೇಕು. ನನ್ನ ಬೀಟಿನಲ್ಲಿ ಆ ವರ್ಷ ಗೊತ್ತಾದ ಜಾಗದ ಕೆಳಗೆ ಗಣಪಿ ಎಂಬ ಹೆಂಗಸಿನ ಮಾಲ್ಕಿ ಬೇಣವಿತ್ತು. ಮಾಲ್ಕಿ ಎಂದರೆ ಸ್ವಂತ ಹಕ್ಕಿನ ಜಾಗ, ಬೇಣ ಎಂದರೆ ಹುಲ್ಲು ಮರ ಬೆಳೆದ ಗುಡ್ಡದ ಓರೆ. ಹೆಸರಿಗೆ ಬೇಣವಾದರೂ ಅದು ಮರ ಮುಚ್ಚಿದ ಕಾಡೇ. ಗಣಪಿಯ ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಮಗಳನ್ನು ಕರ್ಕಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದಳು. ಬೇಸಿಗೆಯಲ್ಲಿ ಆ ಬೇಣದ ಮುರುಗಲು ಹಣ್ಣು ಹೆಕ್ಕಿ, ಅಡುಗೆಯ ಹುಳಿಗೆ ಬಳಸುವ ಅದರ ಸಿಪ್ಪೆ ಒಣಗಿಸಿ ಮಾರುವುದೇ ಅವಳ ಮುಖ್ಯ ಆಸರೆ.

ನಕ್ಷೆಯಲ್ಲಿ ನಮ್ಮ ಕಾಡಿಗೂ ಅವಳ ಬೇಣಕ್ಕೂ ನಡುವೆ ಒಂದು ಹಳ್ಳದ ಗೆರೆ. ಹಳ್ಳದ ಮೇಲೆ ಕಾಡು, ಕೆಳಗೆ ಬೇಣ. ನೆಲದ ಮೇಲೆ ಮಾತ್ರ ಎರಡು ಹಳ್ಳಗಳಿದ್ದವು, ಒಂದರಿಂದ ಇನ್ನೊಂದಕ್ಕೆ ನೂರೈವತ್ತು ಹೆಜ್ಜೆ. ಮೇ ತಿಂಗಳು. ಕೆಳಗಿನದರಲ್ಲಿ ತೆಳ್ಳಗೆ ನೀರು ಹರಿಯುತ್ತಿತ್ತು, ಮೇಲಿನದು ಒಣಗಿ ಎಲೆ ತುಂಬಿ ಬರೇ ತಗ್ಗಿನಂತೆ ಕಾಣುತ್ತಿತ್ತು. ನೀರಿದ್ದದ್ದೇ ಹಳ್ಳ ಎಂದು ನಾನು ತೀರ್ಮಾನ ಮಾಡಿದೆ. ಬೀರಣ್ಣನಿಗೆ ಜ್ವರ, ಮಲಗಿದ್ದ. ಕಾಯಬಹುದಿತ್ತು. ರೇಂಜರ್ ಸಾಹೇಬರು ಎರಡು ಸಲ ಕೇಳಿ ಕಳಿಸಿದ್ದರು, ಕಾಯಲಿಲ್ಲ.

ಕೂಲಿಯವರು ಕತ್ತಿ ಹಿಡಿದು ನಿಂತಾಗ ಗಣಪಿ ಓಡಿ ಬಂದಳು.

“ಗಾರ್ಡ್ರೇ, ಇದು ನಮ್ದು. ನಮ್ಮ ಗಡಿ ಆಚೆ ಹಳ್ಳ.”

“ಆಚೆ ಹಳ್ಳ ಅಂದ್ರೆ ಯಾವುದು? ನೀರಿರೋ ಹಳ್ಳ ಇದೊಂದೇ ಅಲ್ವಾ?”

“ನಮ್ಮೋರು ಯಾವಾಗ್ಲೂ ಆಚೆ ಹಳ್ಳ, ಆಚೆ ಹಳ್ಳದ ಕಲ್ಲು ಅಂತಿದ್ರು.”

“ಹಾಗಾದ್ರೆ ಆ ಕಲ್ಲು ತೋರಿಸಿ.”

 ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನಾ ಕಂಡಿಲ್ಲ” ಎಂದಳು. “ಮೇಲೆ ನಾ ಹೋದವ್ಳಲ್ಲ.”

ಆಗ ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. ಕೂಲಿಯವರ ಎದುರು, ದೊಡ್ಡ ದನಿಯಲ್ಲಿ ಹೇಳಿದೆ. “ನಿಮ್ಮ ಜಾಗ ನೀವೇ ನೋಡಿಲ್ಲ. ನೀವು ಕಾಣದ ಕಲ್ಲನ್ನು ನಾನು ಎಲ್ಲಿಂದ ಬರೀಲಿ?”

ಹನ್ನೊಂದು ಮುರುಗಲು ಮರ ಹೋದವು. ಹಣ್ಣಿನ ಕಾಲ ಬೇರೆ. ಮರ ಬಿದ್ದಾಗ ಹಣ್ಣು ಉದುರಿ, ತುಳಿದು, ಕೂಲಿಯವರ ಅಂಗಾಲೆಲ್ಲ ಕೆಂಪಾಗಿತ್ತು. ಗಣಪಿ ಕಿರುಚಲಿಲ್ಲ, ಅಳಲಿಲ್ಲ. ಒಂದು ಬುಟ್ಟಿ ತಂದು, ಬಿದ್ದ ಮರಗಳ ಗೆಲ್ಲು ಕೊಂಬೆಗಳ ನಡುವೆ ಕೂತು ಒಡೆಯದೆ ಉಳಿದ ಹಣ್ಣನ್ನು ಆರಿಸತೊಡಗಿದಳು. ನಾವು ಅವಳ ಸುತ್ತ ಕೆಲಸ ಮುಂದುವರಿಸಿದೆವು. ಜೂನಿನಲ್ಲಿ ಅಲ್ಲಿ ಅಕೇಶಿಯಾ ಸಸಿ ನೆಟ್ಟೆವು. ಚೆನ್ನಾಗಿ ಹಿಡಿದವು. ಮೇಲಿನವರು ಬಂದು ನೋಡಿ ಬೆನ್ನು ತಟ್ಟಿದರು.

ಬೀರಣ್ಣ ಜ್ವರ ಬಿಟ್ಟು ಬಂದವನು ಆ ಜಾಗ ನೋಡಿ, “ಇಲ್ಲಿವರೆಗೆ ಬಂತಾ?” ಎಂದು ಒಂದೇ ಮಾತು ಕೇಳಿದ್ದ. “ನಕ್ಷೆಯಲ್ಲಿ ಹೀಗೇ ಇದೆ” ಎಂದಿದ್ದೆ. ಅವನಿಗೆ ನಕ್ಷೆ ಓದಲು ಬರುತ್ತಿರಲಿಲ್ಲ, ಕಲ್ಲನ್ನು ಅವನೂ ಕಂಡಿರಲಿಲ್ಲ. ಹಾಗಾಗಿ ಅಲ್ಲಿಗೆ ಮುಗಿಯಿತು.

ಮೂರು ವರ್ಷ ಕಳೆದ ಮೇಲೆ, ಫೆಬ್ರವರಿಯ ಒಂದು ಮಧ್ಯಾಹ್ನ, ಆ ಗುಡ್ಡದಲ್ಲಿ ನೆಲಬೆಂಕಿ ಬಿತ್ತು. ನಾನೂ ಬೀರಣ್ಣನೂ ಹಸಿ ಸೊಪ್ಪಿನ ಗೆಲ್ಲಿನಿಂದ ಬಡಿದು ಬಡಿದು, ಆ ಒಣ ತಗ್ಗಿನ ಹತ್ತಿರ ಅದನ್ನು ನಿಲ್ಲಿಸಿದೆವು. ದೊಡ್ಡ ನಷ್ಟವೇನೂ ಆಗಲಿಲ್ಲ, ಎಷ್ಟೋ ವರ್ಷದ ಎಲೆಯ ಹಾಸು ಮಾತ್ರ ಸುಟ್ಟು ಹೋಗಿತ್ತು. ಬೂದಿ ಆರಲೆಂದು ಕಾಯುತ್ತ ನಿಂತಿದ್ದಾಗ, ತಗ್ಗಿನ ಮೇಲಂಚಿನಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ಕಂಡಿತು. ಕೆತ್ತಿದ ಕಲ್ಲು. ಮಸಿ ಒರೆಸಿದೆ. ನಂಬರು ಅರ್ಧ ಸವೆದಿತ್ತು, ಆದರೂ ಓದಲು ಬರುತ್ತಿತ್ತು. ಬ್ಯಾಗಿನಿಂದ ನಕ್ಷೆ ತೆಗೆದು ನೋಡಿದೆ. ಅದೇ ನಂಬರು, ಹಳ್ಳದ ಗೆರೆಯ ಪಕ್ಕದಲ್ಲೇ.

ಆಚೆ ಹಳ್ಳ ಅದು. ನಾನು ತಗ್ಗು ಎಂದುಕೊಂಡದ್ದೇ ಹಳ್ಳ. ನೀರಿದ್ದ ಹಳ್ಳಕ್ಕೆ ನಕ್ಷೆಯಲ್ಲಿ ಗೆರೆಯೇ ಇರಲಿಲ್ಲ.

ನಾನು ಬೂದಿಯ ಮೇಲೆಯೇ ಕೂತೆ. ಬೀರಣ್ಣ ಕಲ್ಲನ್ನೂ ನನ್ನನ್ನೂ ನೋಡಿ, ಗೆಲ್ಲು ಬಿಸಾಡಿ, ಸ್ವಲ್ಪ ದೂರ ಹೋಗಿ ಕೂತ.

ಇದನ್ನು ಓದುವ ಹೊಸಬರು ನಾನು ಮರುದಿನವೇ ಹೋಗಿ ತಪ್ಪು ಒಪ್ಪಿಕೊಂಡೆ ಎಂದು ಭಾವಿಸಬಾರದು. ಎರಡು ತಿಂಗಳು ಬಾಯಿ ಬಿಡಲಿಲ್ಲ. ಮುಗಿದು ಹೋದದ್ದು, ಮರ ಮತ್ತೆ ಬರುವುದಿಲ್ಲ, ನನ್ನ ಕೆಲಸಕ್ಕೆ ಸಂಚಕಾರ ಬಂದರೆ ಮನೆಯಲ್ಲಿ ಗತಿಯೇನು ಎಂದೆಲ್ಲ ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಆ ಗುಡ್ಡದ ಕಡೆ ಗಸ್ತು ತಪ್ಪಿಸಿದೆ. ಹೋಗದಿದ್ದರೂ ಹೋದೆನೆಂದು ಡೈರಿಯಲ್ಲಿ ಬರೆದೆ. ಬೀರಣ್ಣ ದಿನವೂ ಜೊತೆಗೆ ನಡೆಯುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಒಂದು ದಿನ ಬುತ್ತಿ ಬಿಚ್ಚುವಾಗ ಮಾತ್ರ ಹೇಳಿದ.

“ಕಲ್ಲಿಗೆ ಬಾಯಿಲ್ಲ. ಅದ್ಕೆ ಬೆಂಕಿ ಬರೂತನ್ಕ ಕಾಯ್ತು. ನಿಂಗೆಂತ ಕಾಯೂಕೆ?”

ಮರುದಿನ ಬೆಳಿಗ್ಗೆ ಬೀರಣ್ಣನನ್ನು ಕರೆದುಕೊಂಡು ಗಣಪಿಯ ಮನೆಗೆ ಹೋದೆ. ಅವಳು ಅಂಗಳದಲ್ಲಿ ಸಿಪ್ಪೆ ಹರಡುತ್ತಿದ್ದಳು, ಉಳಿದ ಮರಗಳದ್ದು. ನಿಂತೇ ಎಲ್ಲ ಹೇಳಿದೆ. ಕಲ್ಲು ಸಿಕ್ಕಿದೆ, ನಿಮ್ಮ ಮಾತು ಸರಿ ಇತ್ತು, ತಪ್ಪು ನನ್ನದು ಎಂದೆ. ಅವಳು ಕೈ ಕೊಡವಿ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆಂದು ಎಣಿಸಿದೆ. ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಕತ್ತಿ ಹಿಡಿದು ಹೊರಗೆ ಬಂದಳು.

“ನಡೀ. ತೋರ್ಸು.”

ಅಲ್ಲಿಯವರೆಗೆ ನನಗೆ ಬಹುವಚನ ಹಾಕುತ್ತಿದ್ದವಳು. ಅಂದಿನಿಂದ ಏಕವಚನ, ಕೊನೆಯವರೆಗೂ ಅದೇ.

ಅವಳ ಜೊತೆ ಅವಳ ಬೇಣ ಹತ್ತಿದ ಆ ದಿನವನ್ನು ನಾನು ಮರೆಯುವುದಿಲ್ಲ. ನೀರಿನ ಹಳ್ಳ ದಾಟಿ ಅಕೇಶಿಯಾದ ಸಾಲು ಹೊಕ್ಕೆವು. ನಡುವೆ ಒಂದು ಕಡೆ ಅವಳು ನಿಂತಳು. ನೆಲದಲ್ಲಿ ಹಳೆಯ ಮುರುಗಲಿನ ಬುಡವೊಂದು ಗೆದ್ದಲು ತಿಂದು ಉಳಿದಿತ್ತು.

“ಅವತ್ತು ಇಲ್ಲೇ ನಿಂತ್ಕಂಡು ನಂಗೆ ಎಂತ ಹೇಳಿದ್ದೆ, ನೆನಪಿದ್ಯಾ?”

“ಇದೆ.”

“ಹೇಳು.”

ನಾನು ತಲೆ ತಗ್ಗಿಸಿದೆ. ಅವಳು ಕಾಯುತ್ತಲೇ ನಿಂತಳು. ಬೀರಣ್ಣ ಬೇರೆ ಕಡೆ ಮುಖ ತಿರುಗಿಸಿದ್ದ. ಕೊನೆಗೆ ಹೇಳಿದೆ. “ನೀವು ಕಾಣದ ಕಲ್ಲನ್ನು ನಾನು ಎಲ್ಲಿಂದ ಬರೀಲಿ ಅಂದಿದ್ದೆ.”

“ಹೂಂ” ಎಂದಳು. “ಆತು. ಮುಂದೆ ನಡೀ.”

ಕಲ್ಲಿನ ಹತ್ತಿರ ಬಂದಾಗ ಅದರ ನೆತ್ತಿಯ ಮೇಲೆ ಕೈಯಿಟ್ಟಳು. ವಾಪಸ್ಸು ಹೋಗೋಣವೇ ಎಂದು ಕೇಳಿದೆ. “ಎಂತಕ್ಕೆ? ಒಂದೇ ಕಲ್ಲಾ ಇರೂದು?” ಎಂದಳು. ಸರಿ, ನಕ್ಷೆ ಹಿಡಿದು ಮುಂದಿನ ಕಲ್ಲಿಗೆ ಹೊರಟೆವು. ಎರಡನೆಯದು ಬಿದಿರಿನ ಮೆಳೆಯ ಒಳಗಿತ್ತು. ಮೂರನೆಯದನ್ನು ಅವಳೇ ಹುಡುಕಿದಳು, ಬಳ್ಳಿ ಕತ್ತಿಯಿಂದ ಸವರುತ್ತ. ದಾರಿಯಲ್ಲಿ ಅವಳಿಗೆ ಗೊತ್ತೇ ಇಲ್ಲದ ಒಂದು ಒರತೆ ಸಿಕ್ಕಿತು, ಬಂಡೆಯ ಸೀಳಿನಿಂದ ಬೆರಳು ಗಾತ್ರದ ನೀರು. ಬಗ್ಗಿ ಬೊಗಸೆಯಲ್ಲಿ ಕುಡಿದಳು. ಮೇಲಿನ ಮೂಲೆಯಲ್ಲಿ ಇಬ್ಬರು ತಬ್ಬಿದರೂ ಕೈ ಕೂಡದ ಒಂದು ಮತ್ತಿ. ಅದರ ತೊಗಟೆಯಲ್ಲಿ ಹಳೆಯ ಕತ್ತಿ ಗುರುತು, ಉಬ್ಬಿ ಮುಚ್ಚಿಕೊಂಡಿತ್ತು. ಅವಳ ಗಂಡ ಗಡಿಗೆ ಮಾಡಿಕೊಂಡ ಗುರುತಿರಬೇಕು ಎಂದ ಬೀರಣ್ಣ.

“ಇಷ್ಟು ದೊಡ್ಡದಿತ್ತಾ ನಮ್ಮ ಬೇಣ!” ಎಂದು ಗಣಪಿ ಮರದ ಬುಡಕ್ಕೆ ಒರಗಿ ಕೂತಳು. “ಮೂವತ್ತು ವರ್ಷ ಕೆಳಗೇ ಹಣ್ಣು ಹೆಕ್ದೆ. ನಂಗೂ ಒಂದ್ಸಲ ತೋರ್ಸಿ ಅಂದ್ರೆ, ಹೆಂಗಸ್ರಿಗೆ ಮೇಲೆಂತ ಕೆಲ್ಸ ಅಂತಿದ್ರು.” ಕತ್ತಿಯನ್ನು ನೆಲಕ್ಕೆ ಊರಿ ಹೇಳಿದಳು. “ಅವ್ರು ತೋರ್ಸಿದ್ರೆ ಅವತ್ತು ನಿನ್ನ ಕುತ್ಗೆ ಹಿಡ್ದು ಕಲ್ಲಿನ ಎದ್ರು ನಿಲ್ಸ್ತಿದ್ದೆ.”

ಕ್ಷಮಿಸಿ ಎಂದು ಕೇಳಬೇಕೆಂದಿದ್ದೆ. ಅವಳ ಮುಖ ನೋಡಿ ಕೇಳಲಿಲ್ಲ. ಕೇಳಿದರೆ ಅವಳ ಮೇಲೆ ಇನ್ನೊಂದು ಹೊರೆ ಹಾಕಿದ ಹಾಗೆ ಅನ್ನಿಸಿತು.

ವರದಿ ಬರೆದುಕೊಂಡು ಹೋದಾಗ ರೇಂಜರ್ ಸಾಹೇಬರು ಅದನ್ನು ಅರ್ಧ ಓದಿ ಮಡಚಿಟ್ಟರು. ಇವರು ಮೊದಲಿನವರಲ್ಲ, ಆಮೇಲೆ ಬಂದವರು. ಕೆಟ್ಟವರಲ್ಲ, ಜೀಪಿನಿಂದ ಇಳಿಯುವ ಅಭ್ಯಾಸ ಮಾತ್ರ ಇರಲಿಲ್ಲ. “ನಿನಗೆ ಕಾವಲು ಕೆಲಸ ಕೊಟ್ಟದ್ದು. ಕಲ್ಲು ಹುಡುಕುವ ಕೆಲಸ ಸರ್ವೆಯವರದ್ದು. ಇದನ್ನು ತಗೊಂಡು ಹೋಗು” ಎಂದರು. ನಾನು ಅದನ್ನೇ ಕಚೇರಿಯ ಟಪ್ಪಾಲಿಗೆ ಹಾಕಿ, ಆವಕ ನಂಬರು ಬರೆಸಿಕೊಂಡು ಬಂದೆ. ಹೊಸಬರೇ, ಈ ಒಂದು ಮಾತು ನೆನಪಿಡಿ. ಕೈಯಲ್ಲಿ ಕೊಟ್ಟ ಕಾಗದ ಕಳೆದುಹೋಗಬಹುದು, ನಂಬರು ಬಿದ್ದ ಕಾಗದಕ್ಕೆ ಯಾರಾದರೂ ಒಂದು ದಿನ ಉತ್ತರ ಕೊಡಲೇಬೇಕು. ಆ ಉತ್ತರ ಬರುವ ಮೊದಲು ನನಗೆ ಭಟ್ಕಳಕ್ಕೆ ವರ್ಗದ ಆರ್ಡರು ಬಂತು. ಆಡಳಿತದ ಕಾರಣ ಎಂದು ಬರೆದಿತ್ತು.

ಹೊರಡುವ ದಿನ ಬೀರಣ್ಣ ಬಸ್ಸಿನ ತನಕ ಬಂದ. “ನಾ ಇಲ್ಲೇ ಇದ್ನೆ. ಸರ್ವೆಯವ್ರು ಬಂದ್ರೆ ಕಲ್ಲು ತೋರ್ಸ್ತೆ” ಎಂದ. ಒಂದೂವರೆ ವರ್ಷದ ಮೇಲೆ ಜಂಟಿ ಸರ್ವೆಯಾಯಿತು. ಅವನೇ ಮುಂದೆ ನಿಂತು ತೋರಿಸಿದನಂತೆ. ಜಾಗ ಗಣಪಿಯದೆಂದು ಕಾಗದವಾಯಿತು, ಕಂದಕವನ್ನು ಮೇಲಿನ ಹಳ್ಳಕ್ಕೆ ಸರಿಸಿದರು. ಮುರುಗಲಿನ ಬಗ್ಗೆ ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲವಂತೆ.

ಭಟ್ಕಳದ ವರ್ಷಗಳಲ್ಲಿ ನನಗೆ ಹೊಸದೊಂದು ಚಾಳಿ ಅಂಟಿತ್ತು. ಗಡಿಯ ವಿಷಯ ಹಿಡಿದು ಯಾರೇ ಬಂದರೂ, “ನಿಮ್ಮ ಜಾಗ ಸುತ್ತಿ ನೋಡಿದ್ದೀರಾ?” ಎಂದು ಮೊದಲು ಕೇಳುತ್ತಿದ್ದೆ. ನೂರಕ್ಕೆ ತೊಂಬತ್ತು ಮಂದಿ ನೋಡಿರುತ್ತಿರಲಿಲ್ಲ. ಅಂಥವರಲ್ಲಿ ಇಸ್ಮಾಯಿಲ್ ಮಾಸ್ತರರೂ ಒಬ್ಬರು. ಉರ್ದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಊರ ಮೂಡಣದ ಗುಡ್ಡದಲ್ಲಿ ತಂದೆಯಿಂದ ಬಂದ ಕಾಡು ಜಾಗವನ್ನು ಮಾರಲು ಹೊರಟು, ಅಂಚಿನಲ್ಲಿ ನಮ್ಮ ಇಲಾಖೆಯ ಜಾಗ ಬರುತ್ತದೆಯೇ ಎಂದು ಕೇಳಲು ಬಂದಿದ್ದರು.

“ಗಾರ್ಡ್ ಸಾಹೇಬ್, ನಕ್ಷೆ ನೋಡಿ ಹೇಳಿದ್ರೆ ಆಯ್ತಲ್ಲ” ಎಂದರು.

“ನಕ್ಷೆ ನೋಡಿ ಹೇಳಿ ನಾನು ಒಮ್ಮೆ ಕೆಟ್ಟಿದ್ದೇನೆ ಮಾಸ್ತರೇ. ನಾಳೆ ಬೆಳಿಗ್ಗೆ ಬನ್ನಿ, ನಡೆದು ನೋಡೋಣ.”

ಮಾಸ್ತರರು ಇಸ್ತ್ರಿ ಪೈಜಾಮ, ಕೊಡೆ, ಪುಟ್ಟ ನೋಟ್‌ಬುಕ್ಕಿನೊಂದಿಗೆ ಬಂದರು. ಪ್ರತಿ ತಿರುವಿಗೂ ನಿಂತು ಬರೆದುಕೊಳ್ಳುತ್ತಿದ್ದರು. ಮೂರನೆಯ ತಿರುವಿಗೆ ಪೈಜಾಮ ಮುಳ್ಳಿಗೆ ಸಿಕ್ಕಿ ಹರಿಯಿತು, ಕೆಂಪಿರುವೆ ಅಂಗಿಯೊಳಗೆ ಹೊಕ್ಕವು. ಅವರು ಕುಣಿಯುತ್ತ ಅಂಗಿ ಬಿಚ್ಚಿ ಕೊಡವಿದರು. ನಾನು ನಗು ತಡೆದುಕೊಂಡೆ. ಅವರೇ ನಕ್ಕುಬಿಟ್ಟರು. “ನಲವತ್ತು ವರ್ಷ ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸಿದ್ದೆ ಅಲ್ಲಾ, ಇವತ್ತು ನನ್ನ ಪಾಳಿ” ಎಂದರು. ಗುಡ್ಡದ ನೆತ್ತಿಗೆ ಬಂದಾಗ ಮರಗಳ ಸಂದಿನಲ್ಲಿ ಕಡಲು ಕಂಡಿತು. ಅವರು ಬಹಳ ಹೊತ್ತು ನೋಡುತ್ತ ನಿಂತರು. ತಂದೆ ಇದನ್ನು ಯಾಕೆ ಮಾರದೆ ಇಟ್ಟುಕೊಂಡಿದ್ದರೆಂದು ಈಗ ತಿಳಿಯಿತು ಎಂದರು.

ಆಮೇಲೆ ಅವರು ಮಾರಲಿಲ್ಲ ಎಂದು ಬರೆಯಲು ನನಗೂ ಆಸೆ. ಮಾರಿದರು. ಮನೆಯಲ್ಲಿ ಹೆಂಡತಿಗೆ ಕಾಯಿಲೆಯಿತ್ತು. ಕಾಗದಕ್ಕೆ ಸಹಿ ಹಾಕಿದ ಸಂಜೆ ನನ್ನನ್ನು ಹುಡುಕಿಕೊಂಡು ಬಂದು, “ಏನು ಕೊಟ್ಟೆ ಅಂತ ಗೊತ್ತಿದ್ದು ಕೊಟ್ಟೆ. ಅದು ಕಷ್ಟ ಸಾಹೇಬ್, ಗೊತ್ತಿಲ್ಲದೆ ಕೊಡೋದು ಸುಲಭ ಇತ್ತು” ಎಂದರು. ನಾನು ಅವರಿಗೆ ಉಪಕಾರ ಮಾಡಿದೆನೋ ಅಪಕಾರವೋ ಇಂದಿಗೂ ಹೇಳಲಾರೆ.

ಕೊನೆಯ ಕೆಲವು ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಬಟ್ಟೆಯ ನಕ್ಷೆ ಹೋಗಿ ಫೋನಿನಲ್ಲಿ ನಕ್ಷೆ ಬಂತು. ನೀವು ನಿಂತಲ್ಲಿ ನೀಲಿ ಚುಕ್ಕೆ, ಗಡಿಗೆ ಕೆಂಪು ಗೆರೆ. ನಡೆದದ್ದೆಲ್ಲ ತಾನಾಗಿ ದಾಖಲಾಗುತ್ತದೆ, ನನ್ನ ಹಾಗೆ ಡೈರಿಯಲ್ಲಿ ಸುಳ್ಳು ಬರೆಯುವ ಅವಕಾಶ ನಿಮಗಿಲ್ಲ. ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ದಟ್ಟ ಮರಗಳ ಕೆಳಗೆ ನಿಂತು ಆ ಚುಕ್ಕೆಯನ್ನು ನೋಡಿ. ನೀವು ಕದಲದೆ ನಿಂತಿದ್ದರೂ ಅದು ಕದಲುತ್ತಿರುತ್ತದೆ. ಹಳ್ಳದ ಈಚೆ ನಿಂತವನನ್ನು ಆಚೆಗೆ ದಾಟಿಸುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಒಂದು ದಿನ ಹಾಗೆಯೇ ಮಾಡಿದವನು. ಕಲ್ಲಿನ ಮೇಲೆ ಕೈಯಿಡುವವರೆಗೆ ಗಡಿ ಸಿಕ್ಕಿತೆಂದು ಬರೆಯಬೇಡಿ, ಇಷ್ಟೇ ನಾನು ಹೇಳುವುದು. ಮತ್ತೆ, ಜಾಗದ ಬಗ್ಗೆ ಮಾತಾಡಲು ಬಂದವರಿಗೆ ಕಲ್ಲು ಗೊತ್ತಿಲ್ಲವೆಂದರೆ ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ಎಣಿಸಬೇಡಿ.

ನಿವೃತ್ತಿಗೆ ಒಂದು ವಾರವಿರುವಾಗ ಹೊನ್ನಾವರಕ್ಕೆ ಹೋಗಿ ಬಂದೆ. ಬೀರಣ್ಣ ತೀರಿಕೊಂಡು ಆಗಲೇ ಆರು ವರ್ಷ. ಅವನ ಮನೆಗೆ ಹೋಗಿ ಅವನ ಹೆಂಡತಿಯೊಡನೆ ಸ್ವಲ್ಪ ಹೊತ್ತು ಕೂತೆ. ಆಮೇಲೆ ಗಣಪಿಯ ಮನೆಗೆ. ಎಪ್ಪತ್ತು ದಾಟಿದ್ದಾಳೆ, ಬೆನ್ನು ಬಾಗಿದೆ, ಬೇಣ ಹತ್ತುವುದನ್ನು ಮಾತ್ರ ಬಿಟ್ಟಿಲ್ಲ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಎಲ್ಲ ಕಲ್ಲುಗಳ ಸುತ್ತ ಸವರಿ ಬರುತ್ತಾಳಂತೆ. ಹೋದ ವರ್ಷ ಕರ್ಕಿಯಿಂದ ಮಗಳನ್ನೂ ಕರೆಸಿ ಸುತ್ತು ಹಾಕಿಸಿದಳಂತೆ. “ನಾ ಸತ್ಮೇಲೆ ಯಾರ್ ಬಂದು ಕೇಳಿದ್ರೂ ಬೆರಳು ಮಾಡಿ ತೋರ್ಸೂಕೆ ಬರ್ಬೇಕು” ಎಂದಳು. ಮೇಲೆ ಹತ್ತಲು ನನ್ನನ್ನೂ ಕರೆದಳು. ಮೊಣಕಾಲು ತೋರಿಸಿದೆ.

“ಕಾಡು ಕಾಯೂಕೆ ಹೋದವ್ನ ಕಾಲು ಹೋತು” ಎಂದು ಚಹಾ ಕೊಟ್ಟಳು. ಕುಡಿದು ಮುಗಿಸುವವರೆಗೆ ನೋಡುತ್ತಿದ್ದು ಕೇಳಿದಳು. “ನಿಂಗೆ ಸ್ವಂತ ಜಾಗ ಎಷ್ಟಿದೆ?”

“ಐದು ಗುಂಟೆ. ಮನೆ, ನಾಲ್ಕು ತೆಂಗಿನ ಮರ. ಅಷ್ಟೇ.”

“ಅದ್ರ ಕಲ್ಲು ಕಂಡಿದ್ಯಾ?”

“ಕಂಡಿಲ್ಲ” ಎಂದೆ. ಮೂವತ್ತನಾಲ್ಕು ವರ್ಷ ಊರವರ ಗಡಿ ಸುತ್ತಿದವನು ನನ್ನ ಮನೆಯ ಗಡಿಯನ್ನು ಒಮ್ಮೆಯೂ ಸುತ್ತಿರಲಿಲ್ಲ. ಗಣಪಿ ನಗತೊಡಗಿದಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. “ಹೋಗು, ಹೋಗಿ ನೋಡು ಮೊದ್ಲು” ಎಂದಳು.

ನಿವೃತ್ತಿಯ ಮರುದಿನ ಬೆಳಿಗ್ಗೆ ಅಪ್ಪನ ಪೆಟ್ಟಿಗೆಯಿಂದ ಹಳೆಯ ಕಾಗದ ತೆಗೆದು, ಕೈಗೆ ಕತ್ತಿ ಹಿಡಿದು ಅಂಗಳಕ್ಕಿಳಿದೆ. ಮೊದಲ ಕಲ್ಲು ಬಾವಿಯ ಹಿಂದೆ, ಹೆಂಡತಿ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು. “ಇದು ಗಡಿಕಲ್ಲಾ? ನಾ ಬಂದಾಗಿಂದ ಇದ್ರ ಮೇಲೇ ಒಗೀತಿದ್ದೆ” ಎಂದಳು. ಎರಡನೆಯದು ಪಕ್ಕದ ಮನೆಯ ಬೇಲಿಯೊಳಗೆ, ಒಂದು ಮಾರು ಆಚೆ. ಪಕ್ಕದ ಮನೆಯ ಶಾಂತಾಬಾಯಿ, “ಎಂತ ಹುಡುಕ್ತ್ರಿ ಭಾವಾ?” ಎಂದಳು. “ಏನಿಲ್ಲ, ಕಾಲಿಗೆ ವ್ಯಾಯಾಮ” ಎಂದೆ. ಇನ್ನು ಬೇಲಿ ಸರಿಸುವ ಶಕ್ತಿಯೂ ನನಗಿಲ್ಲ, ಮನಸ್ಸೂ ಇಲ್ಲ. ಮೂರನೆಯದು ತೆಂಗಿನ ಬುಡದಲ್ಲಿ ಮರಳಿನಲ್ಲಿ ಹೂತಿತ್ತು, ತೋಡಿ ತೆಗೆದೆ.

ನಾಲ್ಕನೆಯದು ಪಡುವಣದ ಮೂಲೆಯಲ್ಲಿ ಇರಬೇಕಿತ್ತು. ಕಾಗದದ ಪ್ರಕಾರ ತೆಂಗಿನಿಂದ ಹೆಜ್ಜೆ ಎಣಿಸುತ್ತ ಹೋದೆ. ಕಡಲು ಕೊರೆದ ದಂಡೆಯ ಅಂಚು ಬಂತು. ಕಾಗದದಲ್ಲಿ ಇನ್ನೂ ಒಂಬತ್ತು ಹೆಜ್ಜೆ ಉಳಿದಿತ್ತು. ಚಪ್ಪಲಿ ಬಿಟ್ಟು, ಲುಂಗಿ ಎತ್ತಿ ಕಟ್ಟಿ ನೀರಿಗಿಳಿದೆ. ಏಳನೆಯ ಹೆಜ್ಜೆಗೆ ಅಲೆ ತೊಡೆಗೆ ಬಡಿಯಿತು. ಅಲ್ಲಿಯೇ ನಿಂತು ಕಾಲಿನಿಂದ ಮರಳನ್ನು ತಡಕಿದೆ. ದಂಡೆಯಿಂದ ಹೆಂಡತಿ ಕೂಗಿದಳು.

“ಸಿಕ್ತಾ?”

“ಇಲ್ಲ” ಎಂದೆ. ಅಲೆಯ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿ ಹೇಳಿ, ಮೊಣಕಾಲು ಹಿಡಿದುಕೊಂಡು ದಂಡೆಗೆ ತಿರುಗಿದೆ.